ಉಪಗ್ರಹ ಹಾಯುವ ಹೊತ್ತು

ಹತ್ತು ಮುಕ್ಕಾಲಿಗೆ ಅದು ಬಜೆಯ ಮೇಲೆ ಹಾಯುತ್ತದೆ.
ಅಷ್ಟರೊಳಗೆ ದೋಣಿ ನಡುನೀರಲ್ಲಿರಬೇಕು.
ಲಿಗೋರಿ ಹುಟ್ಟು ತಡೆದು ನಿಲ್ಲಿಸಿದ;
ನಾನು ಕಪ್ಪು-ಬಿಳಿ ತಟ್ಟೆ ಇಳಿಬಿಟ್ಟೆ.
ಮೊಳದಷ್ಟೂ ಹಗ್ಗ ಹೋಗಿಲ್ಲ,
ತಟ್ಟೆ ಮಾಯ.

"ಮೇಲಿನವನಿಗೆ ನಾವು ಕಾಣ್ತೇವಾ?"
ಇಲ್ಲ. ಅವನ ಒಂದು ಚುಕ್ಕೆಯೆಂದರೆ ಹತ್ತು ಮೀಟರ್.
ನೀನು, ನಾನು, ದೋಣಿ, ನಿನ್ನ ಬುತ್ತಿ
ಸೇರಿದರೂ ಅರ್ಧ ಚುಕ್ಕೆಯಾಗುವುದಿಲ್ಲ.

ಅವನು ನಕ್ಕು ಬೀಡಿ ಹಚ್ಚಿದ.
"ಹಾಗಾದ್ರೆ ಹೊಗೆಯೂ ಕಾಣ್ಲಿಕ್ಕಿಲ್ಲ."

ಸಂಜೆ ಮಣಿಪಾಲದಲ್ಲಿ ಚಿತ್ರ ತೆರೆದೆ:
ಸ್ವರ್ಣೆಯ ಮೈಯೆಲ್ಲ ಚಹಾದ ಕೆಂಪು.
ಮೇಲೆ, ಗುಡ್ಡ ಕಡಿದಲ್ಲಿ,
ಹೊಸ ಲೇಔಟ್, ಅದೇ ಬಣ್ಣ.
ಆ ಕೆಂಪಿನೊಳಗೆ ಎಲ್ಲೋ
ಹಗ್ಗ ಹಿಡಿದ ನನ್ನ ಕೈಯೂ
ಸರಾಸರಿಯಾಗಿದೆ.

ಕೊಡವಿಟ್ಟು ನಲ್ಲಿ ತಿರುಗಿಸಿದೆ.
ಇವತ್ತು ನಮ್ಮ ಬೀದಿಯ ಸರದಿ.