ಕ್ಷೌರಿಕನ ಪೊದೆ

ತೊರುನ್ ಊರಿನಂಚಿನಲ್ಲಿ, ರೈಲುಹಳಿಯ ಬೇಲಿಗೊರಗಿದ
ನಲವತ್ತೇಳನೇ ತೋಟದ ತುಂಡು ನನ್ನದಾದ ದಿನ
ಬೀಗದಕೈ ಜೊತೆಗೆ ನೀನೂ ಬಂದೆ, ಫೋರ್ಸಿಥಿಯಾ.
ತುಕ್ಕು ಹಿಡಿದ ಡ್ರಮ್ಮು, ಕಾಲು ಮುರಿದ ಎರಡು ಕುರ್ಚಿ,
ಆಮೇಲೆ ನೀನು: ಗುಂಡಗೆ, ಒಪ್ಪವಾಗಿ,
ಶಾಲೆಯ ಮೊದಲ ದಿನದ ಹುಡುಗನ ತಲೆಯ ಹಾಗೆ.

ನಿನ್ನ ಹಿಂದಿನ ಯಜಮಾನ ಝೆನೋನ್
ನಲವತ್ತು ವರ್ಷ ಸೇತುವೆಯ ಬಳಿ ಕ್ಷೌರದಂಗಡಿ ಇಟ್ಟವನು.
ಪ್ರತಿ ಅಕ್ಟೋಬರು, ಕೊನೆಯ ಸೇಬು ಬುಟ್ಟಿಗಿಳಿದ ಮೇಲೆ
ನಿನ್ನ ಸುತ್ತ ಕತ್ತರಿಯಾಡಿಸಿ,
ಹಿಂದೆ ಸರಿದು, ಕಣ್ಣು ಕಿರಿದು ಮಾಡಿ,
ಮತ್ತೆ ಮುಂದೆ ಬಂದು ಕಿವಿಯ ಹತ್ತಿರ ಇನ್ನೊಂದು ಚೂರು.
ಬೇಸಿಗೆಯಲ್ಲೇ ನೀನು
ಬರುವ ವರ್ಷದ ಹಳದಿಯನ್ನು ಗಂಟುಗಂಟಲ್ಲಿ
ಬಚ್ಚಿಟ್ಟುಕೊಳ್ಳುತ್ತೀ ಎಂದು ಅವನಿಗೇನು ಗೊತ್ತು?
ಗುಡಿಸಿ ಗುಡ್ಡೆ ಹಾಕಿ ಬೆಂಕಿಯಿಟ್ಟದ್ದು
ಏಪ್ರಿಲ್ ತಿಂಗಳಿಗೆ.

ಮೊದಲ ವಸಂತ. ಪಕ್ಕದ ತೋಟದ ಪೊದೆ
ಯಾರೋ ದೀಪ ಆರಿಸಲು ಮರೆತಂತೆ ಹಗಲಲ್ಲೂ ಉರಿಯುತ್ತಿತ್ತು.
ನೀನು? ಕತ್ತರಿಗೆ ಸಿಗದೆ ಮೊಣಕಾಲ ಬಳಿ ಉಳಿದ
ಒಂದು ಕಡ್ಡಿಯಲ್ಲಿ ಏಳು ಹೂ.
ಎರಡು ಸಲ ಎಣಿಸಿದೆ. ಏಳೇ.
"ಕಿತ್ತು ಬಿಸಾಕು ಮಿರ್ಕಾ, ಬ್ಲೂಬೆರಿ ನೆಡು,"
ಬೇಲಿಯಾಚೆಯಿಂದ ಲುದೊಮಿರಾ.

ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವಳು ನಾನು.
ಗಾಡಿ ನಿಂತರೆ ಗುಜರಿಗೆ ಹಾಕುವುದಿಲ್ಲ,
ಕರೆಂಟು ಎಲ್ಲಿ ತಪ್ಪಿತು ಅಂತ ನೋಡುತ್ತೇವೆ.
ಬೋರಲು ಮಲಗಿ ನಿನ್ನೊಳಗೆ ಇಣುಕಿದೆ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಾತ್ರ ಗೇಣುದ್ದ ಹಸಿರು!
ಒಳಗೆಲ್ಲ ಕತ್ತಲೆ, ಮಣಿಕಟ್ಟಿನಷ್ಟು ದಪ್ಪದ ಬೂದು ಕಟ್ಟಿಗೆ,
ಯಾವುದೋ ಮಗು ಅತ್ತು ಮರೆತ ಟೆನಿಸ್ ಚೆಂಡು,
ಕರಿಹಕ್ಕಿಯ ಹಳೇ ಗೂಡು, ಖಾಲಿ.

ಏಳೂ ಹೂ ಉದುರಿದ ಮಾರನೇ ವಾರ ಗರಗಸ ಹಿಡಿದೆ.
ಒಣಗಿದ್ದು ಮೊದಲು. ಆಮೇಲೆ ಮುಪ್ಪಾದದ್ದು,
ಮೂರರಲ್ಲಿ ಒಂದು ಪಾಲು, ನೆಲಕ್ಕೆ ಸಮ.
ಉಳಿದದ್ದನ್ನು ಮುಟ್ಟಲಿಲ್ಲ, ಕೈ ತುರಿಸಿದರೂ.
ಬುಡಕ್ಕೆ ಒಂದೇ ಬುಟ್ಟಿ ಗೊಬ್ಬರ:
ಹೆಚ್ಚು ಉಣಿಸಿದರೆ ನೀನು ಎಲೆ ಎಲೆ ಅಂತ ಕೊಬ್ಬುತ್ತೀಯಂತೆ.
ಬಂದದ್ದು ಆಳುದ್ದದ ಚಾಟಿಗಳು, ದಿಕ್ಕಿಗೊಂದು.
"ಕೆದರಿದ ತಲೆಯ ಹುಚ್ಚಿ," ಲುದೊಮಿರಾ ನಕ್ಕಳು,
ನಿನಗೋ ನನಗೋ ಹೇಳಲಿಲ್ಲ.

ಎರಡನೇ ವರ್ಷ ಇನ್ನೊಂದು ಪಾಲು.
ಮೂರನೆಯ ವರ್ಷ ಗರಗಸಕ್ಕೆ ಮೊದಲೇ,
ಕಡ್ಡಿಗಳು ಬರಿದಾಗಿರುವಾಗಲೇ, ಒಂದು ಎಲೆಯೂ ಮೂಡುವ ಮುನ್ನ,
ಶುರುವಾಯಿತು.
ನಾನು ಬುತ್ತಿ ಬಿಚ್ಚಿ, ಮೊಟ್ಟೆ ಸುಲಿಯುತ್ತಾ ಕೂತಿದ್ದೆ.
ಸುಲಿಯುವುದು ಮರೆತೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಅನ್ನುತ್ತಾರೆ.
ನೀನು ಈ ವಯಸ್ಸಲ್ಲಿ ಬಗ್ಗಿದೆ,
ಬಗ್ಗಿ ನೆಲ ಮುಟ್ಟಿದೆ,
ಮುಟ್ಟಿದಲ್ಲೇ ಬೇರಿಟ್ಟೆ. ಎಳೆದರೆ ಬರಲಿಲ್ಲ.
ಆ ಮರಿಯನ್ನು ಕತ್ತರಿಸಿ ಬಕೆಟ್ಟಿನಲ್ಲಿ ಹಾಕಿ
ಬೇಲಿಯಾಚೆ ಇಟ್ಟೆ. ಬ್ಲೂಬೆರಿಗಳ ಪಕ್ಕ
ಲುದೊಮಿರಾ ಜಾಗ ಮಾಡಿದಳು, ಗೊಣಗುತ್ತಾ.

ಮುಂದಿನ ಫೆಬ್ರವರಿಯಲ್ಲಿ, ಹಿಮ ಇನ್ನೂ ಗಟ್ಟಿಯಿರುವಾಗ,
ನಿನ್ನ ಮೂರು ಕಡ್ಡಿ ಅಡುಗೆಮನೆಯ ನೀರಿಗಿಟ್ಟೆ.
ಹನ್ನೆರಡನೇ ದಿನ ಅರಳಿದವನ್ನು ಪೇಪರಿನಲ್ಲಿ ಸುತ್ತಿ,
ಕೋಟಿನೊಳಗೆ ಬೆಚ್ಚಗಿಟ್ಟುಕೊಂಡು, ಒಂದನೇ ನಂಬರಿನ ಟ್ರಾಮಿನಲ್ಲಿ
ಝೆನೋನನ ಮಗಳ ಮನೆಗೆ ಹೋದೆ, ಆರನೇ ಮಹಡಿ.
ನಿನ್ನ ಪೊದೆಯದು, ಅಂದೆ.
ಅವನು ನಂಬಲಿಲ್ಲ. ಕಣ್ಣು ಮಂಜು.
ಬೆರಳುಗಳನ್ನು ಬಾಚಣಿಗೆಯಂತೆ ಬಿಡಿಸಿ
ಬುಡದಿಂದ ತುದಿಯವರೆಗೆ ನಿಧಾನವಾಗಿ ಸವರಿದ.
ಬೈಯುತ್ತಾನೆ, ಇಲ್ಲಾ ಅಳುತ್ತಾನೆ ಅಂದುಕೊಂಡೆ.

"ಹಿಂದುಗಡೆ ಸ್ವಲ್ಪ ಉದ್ದವಾಯ್ತು," ಅಂದ.
ತೋಳಿನ ಮೇಲೆ ಬಿದ್ದ ಹಳದಿ ಎಸಳೊಂದನ್ನು
ಹಳೇ ಅಭ್ಯಾಸದಲ್ಲಿ, ಅಂಗಡಿಯ ಬಟ್ಟೆ ಒದರುವಂತೆ,
ಝಾಡಿಸಿದ.