ಕೀಲಿ ನಂಬರ್ ನಲವತ್ತೇಳು

ಮಲಗು. ಮೊದಲು ಬೋರಲು.
ರೆಕ್ಸಿನ್ ಮಂಚ ತಣ್ಣಗಿದೆಯೆಂದು ಹೆದರಬೇಡ,
ಈಗಷ್ಟೇ ಎರಡು ಬಕೆಟ್ ಬಿಸಿನೀರು ಸುರಿದಿದ್ದೇನೆ.
ಕಾಲಿಗೆ ಕಟ್ಟಿದ ಕೀಲಿ ಹಾಗೇ ಇರಲಿ,
ನಲವತ್ತೇಳು. ಇಲ್ಲಿ ಹೆಸರು ಯಾರೂ ಕೇಳುವುದಿಲ್ಲ.

ಆದರೂ ನೀನೇ ಹೇಳಿದೆ: ದಾಓನ್.
ನಾನು ಒಕ್‌ಬುನ್. ಗುನ್ಸಾನ್ ಬಂದರಿನ ಹಿಂದುಗಡೆ
ಈ ಸ್ನಾನದ ಮನೆಯಲ್ಲಿ ಮೂವತ್ತೆರಡು ವರ್ಷ
ಊರಿನ ಬೆನ್ನುಗಳನ್ನು ಉಜ್ಜಿದವಳು.
ಮುಖ ಮರೆಯುತ್ತೇನೆ, ಬೆನ್ನು ಮರೆಯುವುದಿಲ್ಲ.
ಮೀನು ಹರಾಜು ಕೂಗುವವಳ ಬೆನ್ನು,
ಪಾದ್ರಿಯ ಹೆಂಡತಿಯ ಬೆನ್ನು,
ಬಸ್ ಓಡಿಸುವವಳದು, ಸೀಟಿನ ಹೊಲಿಗೆ ಅಚ್ಚೊತ್ತಿದ್ದು.

ಈ ಹಸಿರು ಕೈಗವಸಿಗೆ ಇಟಲಿ ಟವೆಲ್ ಅಂತಾರೆ.
ನಾನು ಇಟಲಿ ನೋಡಿಲ್ಲ,
ಇಟಲಿಯವರು ಇದನ್ನು ನೋಡಿರಲಿಕ್ಕಿಲ್ಲ.
ಉಪ್ಪುಕಾಗದದ ತಂಗಿ ಇದು.
ನಾಲ್ಕು ಸಲ ಎಳೆದರೆ ಸಾಕು,
ಪೆನ್ಸಿಲ್ ಅಳಿಸಿದ ರಬ್ಬರಿನ ಚೂರುಗಳ ಹಾಗೆ
ಬೂದು ಎಳೆಗಳು ಉರುಳುರುಳಿ ಬೀಳುತ್ತವೆ.
ಅಯ್ಯೋ ಎಷ್ಟು ಕೊಳೆ, ಎಂದು ನಾಚುತ್ತಾರೆ ಎಲ್ಲರೂ.
ಕೊಳೆಯಲ್ಲ ಮಗು, ಅದರಲ್ಲಿ ಅರ್ಧ ನೀನೇ.
ಹಾಗಂತ ಹೇಳಿದರೆ ನನ್ನ ಹೊಟ್ಟೆ ತುಂಬುತ್ತದೆಯೇ?
ಹೇಳುವುದಿಲ್ಲ. ಇಪ್ಪತ್ತೈದು ಸಾವಿರ ವೊನ್.

ಈಗ ತಿರುಗು. ಅಂಗಾತ.
ಓಹ್.
ಮುಖಕ್ಕೆ ಏನು ಮಾಡಿಕೊಂಡೆ?

ಬುಟ್ಟಿಯ ಬಾಟಲಿಗಳನ್ನು ಬರುವಾಗಲೇ ನೋಡಿದೆ.
ಬೆಳಿಗ್ಗೆ ನೊರೆ, ಅದರ ಮೇಲೆ ಇನ್ನೊಂದು ನೊರೆ,
ಸೋಮವಾರದ ಆ್ಯಸಿಡ್, ಮಂಗಳವಾರದ ಆ್ಯಸಿಡ್,
ಬುಧವಾರ ಬಸವನಹುಳುವಿನ ಲೋಳೆ,
ರಾತ್ರಿಗೆ ಕಿತ್ತಳೆ ಬಣ್ಣದ ಯಾವುದೋ ಹನಿ.
ಚುರುಗುಟ್ಟಿದರೆ ಅದು ಕೆಲಸ ಮಾಡುತ್ತಿದೆಯೆಂದು ಅರ್ಥವಂತೆ!
ಚುರುಗುಟ್ಟುವುದು ತೊಗಲಿಗೆ ಗೊತ್ತಿರುವ ಒಂದೇ ಮಾತು ಕಣೇ,
ಸಾಕು ಅನ್ನುವುದಕ್ಕೆ ಅದರ ಬಳಿ ಬೇರೆ ಪದವಿಲ್ಲ.

ನಾಳಿದ್ದು ಫೋಟೊ ಅಂತೀಯ, ಕೆಲಸದ ಅರ್ಜಿಗೆ.
ಹಡಗು ಕಂಪನಿಯ ಲೆಕ್ಕ ಬರೆಯುವುದಕ್ಕೆ
ಗಾಜಿನಂಥ ಕೆನ್ನೆ ಯಾಕೆ ಬೇಕೋ ನಾನರಿಯೆ.
ಗಾಜು ಗಾಜು ಎಂದು ಸುಲಿಯುತ್ತ ಸುಲಿಯುತ್ತ
ಈರುಳ್ಳಿಯ ಒಳಪದರಕ್ಕೆ ಬಂದು ನಿಂತಿದ್ದೀಯ,
ಫ್ಯಾನಿನ ಗಾಳಿ ಸೋಕಿದರೂ ಉರಿ.
ಅದರ ಮೇಲೆ,
"ಚಿಕ್ಕಮ್ಮಾ, ಮುಖಾನೂ ಒಂಚೂರು ಉಜ್ಜಿ, ಮೆತ್ತಗೆ."

ಇಲ್ಲ.

ಯಾಕೆ ಅಂದರೆ,
ಇರು, ನಲ್ಲಿ ಬಿಡುತ್ತೇನೆ, ಸ್ವಲ್ಪ ಸದ್ದಾಗಲಿ.
ನನ್ನ ಮಗಳಿಗೆ ಮೊಣಕೈ ಮಡಿಕೆಯಲ್ಲಿ, ಬೆನ್ನಿನ ತುಂಬ
ಕೆಂಪು ಕೆಂಪು. ಇಸುಬು. ಆಗ ಹೆಸರು ಗೊತ್ತಿರಲಿಲ್ಲ.
ಊರನ್ನೆಲ್ಲ ತೊಳೆಯುವವಳ ಮನೆಯಲ್ಲಿ
ಕೊಳಕು ಕೂಸು, ಅಂದರು ಅತ್ತೆ.
ಆ ರಾತ್ರಿ ಸುಡುನೀರು, ಕಲ್ಲುಪ್ಪು, ಇದೇ ಹಸಿರು ಗವಸು.
ಮರುರಾತ್ರಿಯೂ. ಅದರ ಮರುರಾತ್ರಿಯೂ.
ಆರು ವರ್ಷದ್ದು, ಮೊದಮೊದಲು ಅರಚುತ್ತಿತ್ತು,
ಆಮೇಲೆ ಅಳುವುದನ್ನು ಬಿಟ್ಟಿತು.
ವಾಸಿಯಾಗುತ್ತಿದೆ ಅಂದುಕೊಂಡೆ.

ಈಗ ದೇಜಾನ್‌ನಲ್ಲಿದ್ದಾಳೆ. ಆಗಸ್ಟಿನಲ್ಲೂ ತುಂಬುತೋಳು.
ವಾರಕ್ಕೆರಡು ಸಲ ಫೋನು, ಪ್ರೀತಿಯ ಮಾತೇ.
ಒಮ್ಮೆಯೂ ಈ ಬಾಗಿಲು ದಾಟಿಲ್ಲ.
ಊರಿನ ಬೆನ್ನೆಲ್ಲ ಗೊತ್ತು ನನಗೆ,
ಅದೊಂದು ಗೊತ್ತಿಲ್ಲ.

ಹಾಗಾಗಿ ಮುಖ ಮುಟ್ಟುವುದಿಲ್ಲ.
ಐದು ಸಾವಿರ ಕಡಿಮೆ ಕೊಡು, ಆಯಿತಲ್ಲ.

"ಹಾಗಾದರೆ ಇವತ್ತು ರಾತ್ರಿ ಏನು ಹಚ್ಚಲಿ?"
ಏನು ಹಚ್ಚಲಿ, ಏನು ಹಚ್ಚಲಿ, ಎಲ್ಲರದೂ ಇದೇ.
ಏನೂ ಬೇಡ ಅಂದರೆ ನಂಬುವುದಿಲ್ಲ,
ಅದು ಬಾಟಲಿಯಲ್ಲಿ ಬರುವುದಿಲ್ಲ ನೋಡು.
ಉಗುರುಬೆಚ್ಚಗಿನ ನೀರು. ಇದ್ದರೆ ಒಂದು ಸಾದಾ ಮುಲಾಮು.
ಕನ್ನಡಿ ಕಡೆ ಬೆನ್ನು ಹಾಕಿ ಮಲಗು.

ಏಳು, ಜೋಪಾನ, ಜಾರುತ್ತದೆ.
ನಿನ್ನ ಎಳೆಗಳನ್ನು ಒಂದು ಬಕೆಟ್ ನೀರಲ್ಲಿ ತಳ್ಳುತ್ತೇನೆ.
ಮೋರಿಯ ಜಾಲರಿಯಲ್ಲಿ ಎರಡು ಸುತ್ತು ಹಾಕಿ
ಹೋಗುತ್ತವೆ, ಹಳದಿ ಸಮುದ್ರದ ಕಡೆಗೆ.

ಹನ್ನೆರಡು!
ಹನ್ನೆರಡು ಯಾರು? ಬಾಮ್ಮ.