ಚಿಲ್ಲರೆ ಬಾಕಿ

ಟಿಕೇಟಿನ ಬೆನ್ನಿಗೆ ಬರೆದು ಕೊಡುವುದು
ನಮ್ಮ ಕಸುಬಿನ ಹಳೇ ವಿದ್ಯೆ:
ಏಳು ರೂಪಾಯಿ, ಸುತ್ತ ಒಂದು ಸೊನ್ನೆ,
'ಇಳಿಯುವಾಗ ಇಸ್ಕೊಳ್ಳಿ.'
ಕೆಲವರು ಇಸ್ಕೊಳ್ಳುತ್ತಾರೆ. ಕೆಲವರಿಗೆ
ಕಿಟಕಿಯಲ್ಲಿ ಗಾಳಿ, ಕೈಯಲ್ಲಿ ಫೋನು, ತೊಡೆಯ ಮೇಲೆ ಮಗು;
ಸ್ಟಾಪು ಬಂದದ್ದೇ ಓಡುತ್ತಾರೆ.
ಓಡಲಿ ಎಂದು ನಾನು ಹರಕೆ ಹೊತ್ತವನಲ್ಲ.
ಆದರೆ ಆ ಹೊತ್ತಿಗೆ ಸರಿಯಾಗಿ
ಬಸ್ಸಿನ ಇನ್ನೊಂದು ತುದಿಯಲ್ಲಿ
ನನಗೆ ಏನೋ ಕೆಲಸ ಇರುತ್ತಿತ್ತು.

ಲಗ್ಗೆರೆಯಲ್ಲಿ ಹತ್ತುತ್ತಿದ್ದ ಮುದುಕಿ, ಚಿಕ್ಕಹೊನ್ನಮ್ಮ
(ಹೆಂಗಸರಿಗೆ ಇನ್ನೂ ದುಡ್ಡಿನ ಟಿಕೇಟಿದ್ದ ಕಾಲ),
ನಾಲ್ಕು ದಿನ ಬಿಟ್ಟು ಅದೇ ಬಸ್ಸು ಹತ್ತಿ
ಎಲೆಅಡಿಕೆ ಚೀಲದ ಹೊಟ್ಟೆಯಿಂದ
ಸುಣ್ಣ ಮೆತ್ತಿದ ಚೀಟಿ ತೆಗೆದಳು.
'ನಿಂದೇ ಅಲ್ವೇನಪ್ಪ ಈ ಅಕ್ಷರ?'
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು,
ತಿರುಗಿ ಬೈಯಲು ನನಗೂ ಬರುತ್ತದೆ.
ನನ್ನದೇ ಏಳು, ಬಾಲ ಉದ್ದ ಎಳೆದದ್ದು,
ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಗಳಿದ್ದ ಅದೇ ಬಾಲ.

ಅವತ್ತು ಶಪಥ ಗಿಪಥ ಏನೂ ಮಾಡಲಿಲ್ಲ.
ಶಪಥಗಳ ಆಯುಷ್ಯ ನನಗೆ ಗೊತ್ತು,
ಬೀಡಿಯನ್ನು ಮೂರು ಸಲ ಬಿಟ್ಟಿದ್ದೇನೆ.
ಮಾಡಿದ್ದು ಇಷ್ಟೇ: ಸೀಟಿ ತುಟಿಗಿಟ್ಟು
ಊದುವ ಮುಂಚೆ ಅರ್ಧ ಉಸಿರು ನಿಲ್ಲುವುದು.
ಆ ಅರ್ಧ ಉಸಿರಲ್ಲಿ ಒಂದೇ ಪ್ರಶ್ನೆ,
ಇಳಿಯುವವರಲ್ಲಿ ಯಾರಿಗೆ ಬಾಕಿ?

ಮೊದಲ ವಾರ, ಗೋರಗುಂಟೆಪಾಳ್ಯ ಬಿಟ್ಟು
ಸುಮನಹಳ್ಳಿ ಮುಟ್ಟುವಷ್ಟರಲ್ಲಿ ಮರೆತೇ ಹೋಗುತ್ತಿತ್ತು.
ಸೀಟಿಗೆ ಹಸಿರು ನೂಲು ಸುತ್ತಿದೆ,
ತುಟಿಗೆ ಒರಟಾಗಿ ತಾಗಿದರೆ ಜ್ಞಾಪಕ ಬರಲಿ ಎಂದು.
ಡ್ರೈವರ್ ಮುನಿಶಾಮಪ್ಪ ಕನ್ನಡಿಯಲ್ಲಿ ನೋಡಿ ನಕ್ಕ:
'ಏನ್ ಗುರುವೇ, ಊದೋಕೂ ಮುಹೂರ್ತ ನೋಡ್ತೀಯಾ?'
ಒಂದು ಬೆಳಿಗ್ಗೆ, ಆರು ಗಂಟೆಗೆ
ಐನೂರರ ನೋಟು ಚಾಚಿದವನ ಮೇಲೆ ಹರಿಹಾಯ್ದೆ.
ಅವತ್ತು ನೂಲೂ ಇತ್ತು, ಉಸಿರೂ ಇತ್ತು,
ಯಾವುದೂ ಕೆಲಸಕ್ಕೆ ಬರಲಿಲ್ಲ.
ಮಾರನೆಯ ದಿನ ಮತ್ತೆ ಊದಿದೆ.
ಬಸ್ಸು ಕೂಡ ಹಾಗೇ,
ಕೆಟ್ಟು ನಿಂತ ಜಾಗದಿಂದಲೇ ಹೊರಡಬೇಕು.

ಯಾವಾಗ ಆಯಿತೋ ತಿಳಿಯದು,
'ಒಳಗೆ ಹೋಗ್ರೀ' ಎಂಬ ನನ್ನ ಕೂಗಿಗೆ
'ಸ್ವಲ್ಪ' ಎಂಬ ಮಾತೊಂದು ಹತ್ತಿಕೊಂಡಿತು,
ಟಿಕೇಟಿಲ್ಲದೆ.
ಜನ ಸರಿದರು. ಸ್ವಲ್ಪವೇ.

ಈಗ ಕ್ಯೂಆರ್ ಹಲಗೆ ಕೊರಳಿಗೆ ನೇತುಬಿದ್ದಿದೆ.
ಪೀಂ ಎಂದರೆ ಲೆಕ್ಕ ಚುಕ್ತಾ.
ಚೀಲ ಹಗುರ, ಹೆಚ್ಚಿನವರಿಗೆ ಬಾಕಿಯೇ ಇಲ್ಲ.
ಆದರೂ ಆ ಅರ್ಧ ಉಸಿರು, ಹಟಮಾರಿ,
ಕೇಳಲು ಏನೂ ಇಲ್ಲದೆ ಬಾಗಿಲಲ್ಲಿ ನಿಲ್ಲುತ್ತದೆ.

ಅಂಥದೊಂದು ರಾತ್ರಿ, ಕಾಮಾಕ್ಷಿಪಾಳ್ಯದ ಮನೆಯಲ್ಲಿ
ಕೆಂಪತಾಯಿ ಏನೋ ಹೇಳಲು ಬಂದಳು, ಕೈಯಲ್ಲಿ ಸೌಟು.
'ಆಮೇಲೆ' ಅನ್ನಲು ಬಾಯಿ ತೆರೆದೆ.
ನಿಂತಿತು ಉಸಿರು.
ಹತ್ತೊಂಬತ್ತು ವರ್ಷ, ಆಮೇಲೆ, ಆಮೇಲೆ ಎಂದು
ಇವಳಿಗೂ ಬೆನ್ನಿಗೆ ಬರೆದು ಕೊಟ್ಟಿದ್ದೇನಲ್ಲ,
ಸುತ್ತ ಸೊನ್ನೆ ಹಾಕಿ.
'ಹೇಳು' ಎಂದೆ.
ಅವಳಿಗೆ ಅನುಮಾನ. 'ಹುಷಾರಿಲ್ವಾ?' ಎಂದಳು.
ತಡೆದು ಹೇಳಿದಳು. ದೊಡ್ಡದೇನಲ್ಲ:
ಹಲ್ಲುನೋವು, ಎರಡು ತಿಂಗಳಿಂದ.

ಖಾಕಿ ಅಂಗಿಯ ಎಡಜೇಬಿನಲ್ಲಿ
ಹದಿನಾಲ್ಕು ರೂಪಾಯಿ ಬೇರೆ ಇದೆ.
ನಾಗರಬಾವಿಯಲ್ಲಿ ಇಳಿದುಹೋದ ಹುಡುಗನದು.
ಪ್ಲಾಸ್ಟಿಕ್ ಚೀಲದ ನೀರಲ್ಲಿ ಎರಡು ಮೀನು ಹಿಡಿದಿದ್ದ,
ನೀರು ಚೆಲ್ಲದಂತೆ ಇಳಿಯುವ ಧ್ಯಾನದಲ್ಲಿ ಚಿಲ್ಲರೆ ಮರೆತ.
ಅಂಗಿ ಒಗೆಯುವಾಗ ತೆಗೆದಿಟ್ಟು, ಮತ್ತೆ ಹಾಕಿಕೊಳ್ಳುತ್ತೇನೆ.
ಮೀನು ಬದುಕಿವೆಯೋ, ಹುಡುಗನಿಗೆ ಮೀಸೆ ಬಂದಿದೆಯೋ,
ಎದುರು ನಿಂತರೂ ಗುರುತು ಹತ್ತೀತೇ ನನಗೆ?
ನಾಗರಬಾವಿ ಸರ್ಕಲ್ಲಿನಲ್ಲಿ ದಿನಾ
ಅರ್ಧವಲ್ಲ, ಒಂದು ಇಡೀ ಉಸಿರು ನಿಲ್ಲುತ್ತೇನೆ.
ಮುನಿಶಾಮಪ್ಪ ಹಾರ್ನ್ ಹೊಡೆಯುತ್ತಾನೆ.